ಒರೆಸುವ ಮೊದಲು ಬರೆದ ಚೀಟಿ

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಟೈಮ್ ಕೀಪರ್ ಆಗಿದ್ದ ಪದ್ಮರಾಜರಿಗೆ ಗಡಿಯಾರದ ಮೇಲೆ ನಂಬಿಕೆ ಇರಲಿಲ್ಲ. ಡ್ರೈವರುಗಳ ಮೇಲಂತೂ ಮೊದಲೇ ಇರಲಿಲ್ಲ. ಅವರು ನಂಬಿದ್ದು ಗೋಡೆಯ ಮೇಲಿನ ಕರಿಹಲಗೆಯನ್ನು ಮತ್ತು ಮೇಜಿನ ಮೂಲೆಯಲ್ಲಿ ಮರದ ಬಿಲ್ಲೆಯ ಮೇಲೆ ನಿಂತಿದ್ದ ಒಂದು ತಂತಿಯನ್ನು. ಹಲಗೆಯ ಮೇಲೆ ನಲವತ್ತಮೂರು ಬಸ್ಸುಗಳ ಹೆಸರು, ಹೋಗುವ ಊರು, ಹೊರಡುವ ಸಮಯ. ಕೆಳಗಿನ ಅಂಚಿನಲ್ಲಿ ‘ಟೈಮ್ ಕೀಪರ್: ಪದ್ಮರಾಜ’ ಎಂದು ಒಂದು ಸಾಲು. ತಂತಿಯಲ್ಲಿ, ಮುಗಿದ ಟಿಕೆಟ್ ಪುಸ್ತಕಗಳ ರಟ್ಟನ್ನು ಕತ್ತರಿಸಿ ಮಾಡಿದ ಇನ್ನೂರ ಹನ್ನೆರಡು ಚೀಟಿಗಳು ಒಂದರ ಮೇಲೊಂದು ಪೋಣಿಸಿಕೊಂಡು ಕೂತಿದ್ದವು. ಅವು ಏನು, ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ನಮ್ಮ ಕಡೆಯ ಖಾಸಗಿ ಬಸ್ಸುಗಳ ಜಗಳ ನೋಡದವರಿಗೆ ಒಂದು ಮಾತು ಹೇಳಿಬಿಡಬೇಕು. ಇಲ್ಲಿ ಗಂಟೆಗೆ ಬೆಲೆಯಿಲ್ಲ, ಇರುವುದೆಲ್ಲ ನಿಮಿಷಕ್ಕೆ. ಏಳು ನಲವತ್ತಕ್ಕೆ ಹೊರಡುವ ಬಸ್ಸಿನಲ್ಲಿ ವೇಣೂರು ಮುಟ್ಟುವಾಗ ನಿಲ್ಲಲೂ ಜಾಗವಿಲ್ಲ, ಏಳು ಐವತ್ತಕ್ಕೆ ಹೊರಡುವ ಬಸ್ಸಿನ ಕಂಡಕ್ಟರು ಖಾಲಿ ಸೀಟಿನ ಮೇಲೆ ಕಾಲು ಚಾಚಿ ಕೂರುತ್ತಾನೆ. ಪರ್ಮಿಟ್ಟಿನಲ್ಲಿ ‘ಬೆಳಗ್ಗೆ ಒಂದು ಟ್ರಿಪ್ಪು’ ಎಂದಷ್ಟೇ ಇರುತ್ತಿತ್ತು. ಯಾವ ನಿಮಿಷ ಯಾರದ್ದು ಎಂಬುದನ್ನು ಮಾಲಕರ ಒಕ್ಕೂಟ ಮಾತಾಡಿ ಒಪ್ಪಿಕೊಳ್ಳುತ್ತಿತ್ತು, ಪದ್ಮರಾಜರು ಹಲಗೆಯ ಮೇಲೆ ಬರೆಯುತ್ತಿದ್ದರು. ಬರೆದದ್ದೇ ಶಾಸನ.

೧೯೮೩ರ ಫೆಬ್ರವರಿಯ ಒಂದು ಬೆಳಗ್ಗೆ ‘ಬೆಳ್ತಂಗಡಿ, ಬೆಳ್ತಂಗ...’ ಎಂದು ಕೂಗುತ್ತಿದ್ದ ಪದ್ಮರಾಜರು ಅರ್ಧ ಶಬ್ದದಲ್ಲೇ ಕುಸಿದರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಅಕ್ಷರ: ‘ಇ.’

ಬಾಯಿ ತೆರೆದರೆ ‘ಇ... ಇ...’ ಎನ್ನುತ್ತಿದ್ದರು. ಹೆಂಡತಿ ಪ್ರಭಾವತಿಯಮ್ಮ ದಿನವೂ ಇಡ್ಲಿ ಮಾಡಿ ತಂದು ತಿನ್ನಿಸಿದರು. ಅವರು ತಲೆ ಅಲ್ಲಾಡಿಸಿ ಬೇಡವೆಂದರು, ಆಮೇಲೆ ಹೆಂಡತಿಯ ಮುಖ ನೋಡಿ ತಿಂದರು. ಮೂರು ತಿಂಗಳು ಆ ಮನೆಯಲ್ಲಿ ಇಡ್ಲಿಯಿಲ್ಲದ ದಿನವಿರಲಿಲ್ಲ.

ಒಬ್ಬಳೇ ಮಗಳು ಶಶಿಪ್ರಭಾ. ಇಪ್ಪತ್ತಾರು ವರ್ಷ, ಟೈಪಿಂಗ್ ಲೋವರ್ ಪಾಸು, ಬಾಯಿ ಸ್ವಲ್ಪ ಜೋರು. ಬೇರೆ ಜನ ಸಿಗುವವರೆಗೆ ಎಂದು ಒಕ್ಕೂಟದವರು ಅವಳನ್ನು ಅಪ್ಪನ ಕುರ್ಚಿಯಲ್ಲಿ ಕೂರಿಸಿದರು. ಹೆಣ್ಣು ಹುಡುಗಿ ಬಸ್ಸು ಬಿಡಿಸುವುದೇ ಎಂದು ಮೊದಲ ವಾರ ನೋಡಲು ಬಂದವರ ಸಂಖ್ಯೆ ಪ್ರಯಾಣಿಕರಿಗಿಂತ ಹೆಚ್ಚಿತ್ತು. ಎರಡನೆಯ ವಾರ, ಎರಡು ನಿಮಿಷ ತಡಮಾಡಿದ ಒಬ್ಬ ಡ್ರೈವರನಿಗೆ ಅವಳು ತುಳುವಿನಲ್ಲಿ ಬೈದದ್ದನ್ನು ಕೇಳಿದ ಮೇಲೆ ನೋಡುವವರು ಕಡಿಮೆಯಾದರು.

ಅಷ್ಟರಲ್ಲಿ ಒಕ್ಕೂಟದಿಂದ ಒಂದು ಕಾಗದ ಬಂತು.

ಸಂಗತಿ ಇಷ್ಟು. ಏಳು ನಲವತ್ತಕ್ಕೆ ಹೊರಟು ಬೆಳ್ತಂಗಡಿ ದಾಟಿ ಮುಂಡಾಜೆಗೆ ಹೋಗುತ್ತಿದ್ದದ್ದು ‘ಚಂದ್ರೋದಯ’ ಎಂಬ ಬಸ್ಸು. ಅದರ ಮಾಲಕ ಚಿನ್ನಯ್ಯ, ಡ್ರೈವರೂ ಚಿನ್ನಯ್ಯನೇ. ಇರುವುದು ಒಂದೇ ಬಸ್ಸು. ಹದಿನೆಂಟು ಬಸ್ಸುಗಳ ‘ರಾಜರತ್ನ’ ಕಂಪೆನಿಯವರು ಆ ಏಳು ನಲವತ್ತು ತಮ್ಮದೆಂದು ತಕರಾರು ತೆಗೆದಿದ್ದರು. ಕುಸಿಯುವುದಕ್ಕೆ ಒಂದು ವಾರ ಮೊದಲು ಪದ್ಮರಾಜರು ಚಿನ್ನಯ್ಯನಿಗೆ ಒಂದು ಕಾಗದ ಬರೆದುಕೊಟ್ಟಿದ್ದರು: ‘೧೯೭೫ರ ಜುಲೈ ಹತ್ತರಂದು ರಾಜರತ್ನದವರು ತಮ್ಮಿಷ್ಟದಿಂದ ಏಳು ನಲವತ್ತನ್ನು ಬಿಟ್ಟು ಏಳು ಐದಕ್ಕೆ ಹೋದರು. ಅಂದಿನಿಂದ ಅದು ಚಂದ್ರೋದಯದ್ದು.’ ಆಗ ಒಪ್ಪಿದ್ದ ರಾಜರತ್ನದ ಹಳೆ ಧಣಿಗಳು ತೀರಿಕೊಂಡಿದ್ದರು. ಈಗಿನ ಮ್ಯಾನೇಜರ್ ಕೇಶವಪ್ರಸಾದ, ಬಿ.ಕಾಂ. ಓದಿದ, ಇಸ್ತ್ರಿ ಮುರಿಯದ ಅಂಗಿಯ ಯುವಕ. ಅವನು ಒಕ್ಕೂಟಕ್ಕೆ ಬರೆದ: ‘ಈ ಕಾಗದ ಸುಳ್ಳು. ಟೈಮ್ ಕೀಪರರು ಚಿನ್ನಯ್ಯನ ಚಹಾ ಕುಡಿದು ಬರೆದದ್ದು. ಅವರದ್ದೇ ತಂತಿಯಲ್ಲಿರುವ ಚೀಟಿಯನ್ನು ನಾನೇ ನೋಡಿದ್ದೇನೆ, ಅದು ಬೇರೆಯೇ ಹೇಳುತ್ತದೆ.’

ಆ ಚಹಾದ ಮಾತನ್ನು ಶಶಿಪ್ರಭಾಳಿಗೆ ಸಹಿಸಲಾಗಲಿಲ್ಲ. ಅಪ್ಪ ಇಪ್ಪತ್ತೆರಡು ವರ್ಷ ಮನೆಯಿಂದ ಒಯ್ದ ಜೀರಿಗೆ ನೀರು ಬಿಟ್ಟರೆ ಬಸ್‌ಸ್ಟ್ಯಾಂಡಿನಲ್ಲಿ ಏನನ್ನೂ ಮುಟ್ಟಿದವರಲ್ಲ. ಮಾತು ಬಾರದ ಮನುಷ್ಯನನ್ನು ಸುಳ್ಳ ಎನ್ನುವುದು ಎಷ್ಟು ಸುಲಭ! ಮೇ ಹದಿನೈದಕ್ಕೆ ಬಂಟ್ವಾಳದಲ್ಲಿ ಸಭೆ, ದಾಖಲೆ ತನ್ನಿ ಎಂದಿತ್ತು ಒಕ್ಕೂಟದ ಕಾಗದ. ಅವಳ ಕೈಯಲ್ಲಿ ಹದಿನೆಂಟು ದಿನಗಳಿದ್ದವು.

ತಂತಿಯಿಂದ ಚೀಟಿಗಳನ್ನು ಬಿಡಿಸಿ ನೋಡಿದಳು. ಕೇಶವಪ್ರಸಾದ ಹೇಳಿದ ಚೀಟಿ ಸಿಕ್ಕೇಬಿಟ್ಟಿತು. ಅಪ್ಪನ ಮುದ್ದಾದ ಅಕ್ಷರ: ‘೧೦-೭-೭೫. ರಾಜರತ್ನ, ಬೆಳ್ತಂಗಡಿ, 7-40. ಇ.’ ಕೆಳಗೆ ಒಂದು ಸಂಖ್ಯೆ, 1093.

ಅವಳು ಅದನ್ನು ಎರಡು ಸಲ ಓದಿದಳು. ಬಸ್ಸಿನವರ ಎಲ್ಲ ನೋಟೀಸುಗಳೂ ‘ಇಂದಿನಿಂದ’ ಎಂದೇ ಶುರುವಾಗುವುದು. ‘ಇ.’ ಎಂದರೆ ಇಂದಿನಿಂದ. ಹಾಗಾದರೆ ಆ ದಿನದಿಂದ ಏಳು ನಲವತ್ತು ರಾಜರತ್ನದ್ದೇ. ಅಪ್ಪ ಬರೆದ ಕಾಗದ ಒಂದು ಹೇಳುತ್ತದೆ, ಅಪ್ಪ ಬರೆದ ಚೀಟಿ ಇನ್ನೊಂದು. ಇನ್ನೂರ ಹನ್ನೆರಡು ಚೀಟಿಗಳಲ್ಲೂ ಅದೇ ‘ಇ.’

ಅವಳು ಹಟ ಬಿಡಲಿಲ್ಲ. ತಂತಿಯ ಬುಡದಲ್ಲಿರುವುದು ೧೯೬೧ರ ಚೀಟಿ. ಅಲ್ಲಿಂದ ಒಂದೊಂದೇ ಬದಲಾವಣೆಯನ್ನು ಸೇರಿಸುತ್ತ ಬಂದರೆ ಇವತ್ತಿನ ಹಲಗೆಗೆ ತಲುಪಬೇಕಲ್ಲವೇ? ಆದರೆ ಶುರು ಮಾಡಲು ೧೯೬೧ರ ಪೂರ್ತಿ ಪಟ್ಟಿ ಬೇಕು. ಅಪ್ಪನ ಪೆಟ್ಟಿಗೆ, ಅಟ್ಟ, ದೇವರ ಕೋಣೆಯ ಕಪಾಟು, ಅಮ್ಮನ ಸೀರೆಗಳ ಮಡಿಕೆ ಎಲ್ಲವನ್ನೂ ತಡಕಿದಳು. ಪಟ್ಟಿ ಇಲ್ಲ. ಇದ್ದಷ್ಟರಲ್ಲಿ ಹಾಗೂ ಹೀಗೂ ಕೂಡಿಸಲು ಹೋದರೆ ಒಂದು ಬಸ್ಸು ಎರಡು ಕಡೆ, ಎರಡು ಬಸ್ಸು ಒಂದೇ ನಿಮಿಷಕ್ಕೆ! ಅಪ್ಪನ ಮುಂದೆ ಚೀಟಿ ಹಿಡಿದು ಕೂತಳು.

“ಅಪ್ಪ, ಇದು ಇಂದಿನಿಂದ ಅಂತಲಾ?”

ಪದ್ಮರಾಜರು ಜೋರಾಗಿ ತಲೆ ಅಲ್ಲಾಡಿಸಿದರು. “ಇ... ಇ...”

“ನೋಡು, ಹಸಿವಾಗ್ತಾ ಉಂಟು ಅವರಿಗೆ,” ಎಂದು ಪ್ರಭಾವತಿಯಮ್ಮ ಒಳಗೆ ಹೋದರು. ಪದ್ಮರಾಜರ ಕಣ್ಣಲ್ಲಿ ನೀರು ಬಂತು. ಮಗಳೂ ಅತ್ತಳು.

ಮರುದಿನ ಬಂಟ್ವಾಳದ ಆರು ಹತ್ತರ ಬಸ್ಸನ್ನು ಆರು ಇಪ್ಪತ್ತಕ್ಕೆ ಹಾಕಬೇಕೆಂದು ಒಕ್ಕೂಟದಿಂದ ಸೂಚನೆ ಬಂತು. ಶಶಿಪ್ರಭಾ ಮಾಡಬೇಕಾದ ಮೊದಲ ಬದಲಾವಣೆ ಅದು. ಒದ್ದೆ ಬಟ್ಟೆ ಹಿಂಡಿಕೊಂಡು ಹಲಗೆಯ ಮುಂದೆ ನಿಂತಳು. ಇನ್ನೇನು ಒರೆಸಬೇಕು, ಹಿಂದಿನಿಂದ ಒಂದು ಕೂಗು.

“ಶಶಿಯಕ್ಕ, ನಿಲ್ಲಿ, ನಿಲ್ಲಿ! ಹಾಗೆ ಒರೆಸ್ಲಿಕ್ಕಿಲ್ಲ!”

ತುಕ್ರಪ್ಪ. ಬಸ್ಸಿನ ಮೇಲೆ ಮೂಟೆ ಏರಿಸಿ ಇಳಿಸುವುದು ಅವನ ಕೆಲಸ. ಅಕ್ಷರ ಬಾರದು, ಆದರೆ ಕಣ್ಣು ಚುರುಕು. ತಲೆಗೆ ಸುತ್ತಿದ ಬೈರಾಸು ಬಿಚ್ಚುತ್ತ ಹತ್ತಿರ ಬಂದ.

“ನಿಮ್ಮಪ್ಪ ಧಣಿಗಳು ಒರೆಸುವ ಮೊದಲು ಚೀಟಿ ಬರೀತಿದ್ರು. ಹಲಗೆ ನೋಡಿ ನೋಡಿ ಬರೀತಿದ್ರು. ಆಮೇಲೆ ಒರೆಸೋದು. ಒರೆಸಿದ ಮೇಲೆ ಚೀಟಿ ಬರೆದದ್ದನ್ನು ನಾನು ಒಂದು ದಿನ ಕೂಡ ಕಂಡಿಲ್ಲ.”

“ಹೊಸ ಸಮಯ ಹಲಗೆಯಲ್ಲೇ ಇಲ್ವಲ್ಲ ಆಗ? ನೋಡಿ ಬರೀಲಿಕ್ಕೆ ಏನುಂಟು?”

“ಅದು ನನಗೆ ಹೇಗೆ ಗೊತ್ತು? ಇದ್ದದ್ದನ್ನೇ ಬರೀತಿದ್ರು ಇರ್ಬೇಕು.”

ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವಳ ಕಾಲ ಮೇಲೆ ಬಿತ್ತು. ಇದ್ದದ್ದನ್ನೇ. ಇತ್ತು. ‘ಇ.’ ಎಂದರೆ ಇಂದಿನಿಂದ ಅಲ್ಲ, ‘ಇತ್ತು’! ಹಲಗೆಯ ಮೇಲಿರುವುದು ಉಂಟು, ತಂತಿಯಲ್ಲಿರುವುದು ಇತ್ತು. ಮೂರು ತಿಂಗಳಿಂದ ಅಪ್ಪ ಅದನ್ನೇ ಹೇಳುತ್ತಿದ್ದರು, ಇವರು ಇಡ್ಲಿ ತಿನ್ನಿಸುತ್ತಿದ್ದರು!

ಅವಳು ನಗುತ್ತ ಕುರ್ಚಿಯಲ್ಲಿ ಕುಸಿದಳು. ಮನೆಯೆಲ್ಲ ತಡಕಿದ ಪೂರ್ತಿ ಪಟ್ಟಿ ಎದುರಿಗೇ ಗೋಡೆಯ ಮೇಲಿತ್ತು. ಅಪ್ಪ ಪೂರ್ತಿಯಾಗಿ ಇಟ್ಟುಕೊಂಡದ್ದು ಇವತ್ತನ್ನು ಮಾತ್ರ. ಹಳೆಯದನ್ನೆಲ್ಲ ಇವತ್ತಿನಿಂದ ಹಿಂದಕ್ಕೆ ಹೋಗುವ ಮೆಟ್ಟಿಲುಗಳಾಗಿ ಕತ್ತರಿಸಿ ಇಟ್ಟಿದ್ದರು. ಅದೇ ಸರಿಯಲ್ಲವೇ? ಬಸ್‌ಸ್ಟ್ಯಾಂಡಿಗೆ ಬಂದವರು ದಿನಕ್ಕೆ ನೂರು ಸಲ ಕೇಳುವುದು ಇವತ್ತಿನ ಬಸ್ಸನ್ನು. ಎಂಟು ವರ್ಷದ ಹಿಂದಿನದನ್ನು ಕೇಳುವವನು ಎಂಟು ವರ್ಷಕ್ಕೊಮ್ಮೆ ಬರುತ್ತಾನೆ, ಅವನು ಸ್ವಲ್ಪ ಹೊತ್ತು ಕಾಯಬಹುದು. ಬುಡದ ಚೀಟಿಯಿಂದ ಹತ್ತಬಾರದು, ತುದಿಯ ಚೀಟಿಯಿಂದ ಇಳಿಯಬೇಕು.

ತುದಿಯ ಚೀಟಿ ನೋಡಿದಳು. ‘ಕಾರ್ಕಳ, 5-45. ಇ.’ ಕೆಳಗೆ 1197. ಹಲಗೆಯ ಮೇಲೆ ಕಾರ್ಕಳ 5-40. ಸರಿ, ಮೊದಲು ಐದು ನಲವತ್ತೈದಿತ್ತು, ನಲವತ್ತಾಯಿತು. ಈ 1197 ಏನು?

“ತುಕ್ರಪ್ಪ, ಚೀಟಿ ಬರೆದ ಮೇಲೆ ಅಪ್ಪ ಏನು ಮಾಡ್ತಿದ್ರು?”

“ಮಂತ್ರ ಹೇಳ್ತಿದ್ರು.”

ಅದು ಅವಳಿಗೂ ನೆನಪಿತ್ತು. ಚಿಕ್ಕವಳಿದ್ದಾಗ ಬುತ್ತಿ ತಂದರೆ ಅಪ್ಪ ಹಲಗೆಯ ಬಲ ಅಂಚಿನಲ್ಲಿ ಮೇಲಿನಿಂದ ಕೆಳಗೆ ಬೆರಳಾಡಿಸುತ್ತ ಏನೋ ಗುಣಗುಣಿಸುತ್ತಿದ್ದರು. ಬಸದಿಯಲ್ಲಿ ಹೇಳುವ ಣಮೋಕಾರ ಮಂತ್ರವೆಂದು ತಿಳಿದು ಅವಳು ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದಳು. ಈಗ ತಾನೇ ಬೆರಳಾಡಿಸಿದಳು. ಬಲ ಅಂಚಿನಲ್ಲಿರುವುದು ನಿಮಿಷಗಳು. ನಲವತ್ತು, ಐದು, ಇಪ್ಪತ್ತೈದು... ನಲವತ್ತಮೂರು ಸಾಲು ಕೂಡಿಸಿದಳು. 1192. ಕಾರ್ಕಳದ ಐದು ನಿಮಿಷ ಹಿಂದಕ್ಕೆ ಕೊಟ್ಟರೆ 1197!

ಒರೆಸುವ ಮೊದಲು ಇಡೀ ಹಲಗೆಯ ನಿಮಿಷಗಳ ಮೊತ್ತ. ಒಂದು ಚೀಟಿ ಕಳೆದರೂ, ಒಬ್ಬರು ಒಂದು ಅಂಕೆ ತಿದ್ದಿದರೂ ಮೊತ್ತ ಕೂಗಿ ಹೇಳುತ್ತದೆ. ಅಪ್ಪ ಹೇಳುತ್ತಿದ್ದ ಮಂತ್ರ ಅದು. ಅವಳು ‘ಬಂಟ್ವಾಳ, 6-10. ಇ. 1192’ ಎಂದು ತನ್ನ ಮೊದಲ ಚೀಟಿ ಬರೆದು ತಂತಿಗೆ ಹಾಕಿ, ಆಮೇಲೆ ಒರೆಸಿದಳು. ಅವತ್ತು ಮನೆಗೆ ಓಡಿಹೋಗಿ ಅಪ್ಪನ ಕಿವಿಯ ಹತ್ತಿರ ಒಂದೇ ಶಬ್ದ ಹೇಳಿದಳು: “ಇತ್ತು.” ಪದ್ಮರಾಜರು ಅವಳ ಕೈಯನ್ನು ಎಡಗೈಯಿಂದ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ. ಮರುದಿನ ಪ್ರಭಾವತಿಯಮ್ಮ ನೀರುದೋಸೆ ಮಾಡಿದರು.

ಮೇ ಹದಿನೈದು. ದಾಖಲೆ ತರಲು ಹೇಳಿದ್ದರು, ದಾಖಲೆ ಎಂದರೆ ತಂತಿ ಮತ್ತು ಹಲಗೆ ಎರಡೂ. ಶಶಿಪ್ರಭಾ ಹಲಗೆಯನ್ನು ಕಾಗದದ ಮೇಲೆ ಪೂರ್ತಿ ನಕಲು ಮಾಡಿ ಅವತ್ತಿಗೆಂದು ಅಲ್ಲಿ ಅಂಟಿಸಿದಳು, ತುಕ್ರಪ್ಪ ಹಲಗೆಯನ್ನು ಗೋಡೆಯಿಂದ ಇಳಿಸಿ ಬಟ್ಟೆ ಸುತ್ತಿ ಸಿದ್ಧಕಟ್ಟೆ ಮಾರ್ಗದ ಬಸ್ಸಿನ ಮೇಲೆ ಏರಿಸಿದ. ದಾರಿಯುದ್ದಕ್ಕೂ ಅದನ್ನು ತಬ್ಬಿಕೊಂಡೇ ಕೂತ. ಬಂಟ್ವಾಳದಲ್ಲಿ ಹೋಟೆಲಿನ ಮಹಡಿಯ ಮೇಲಿನ ಹಾಲಿಗೆ ಅದನ್ನು ಹೊತ್ತು ತಂದಾಗ ಮಾಲಕರೆಲ್ಲ ನಕ್ಕರು.

“ನಿನಗೆ ದಾಖಲೆ ತಾ ಅಂದ್ರೆ ಬಸ್‌ಸ್ಟ್ಯಾಂಡನ್ನೇ ಹೊತ್ತು ತಂದೆಯಲ್ಲ ಮಗಾ,” ಎಂದರು ಒಕ್ಕೂಟದ ಅಧ್ಯಕ್ಷ ಹೇಮಚಂದ್ರರು. ಬಿಳಿ ಮೀಸೆಯ ಹಿರಿಯರು, ನಗುವುದಕ್ಕೆ ಅವಸರವಿಲ್ಲದವರು.

ಕೇಶವಪ್ರಸಾದ ಮೊದಲು ಮಾತಾಡಿದ. ತಂತಿಯಲ್ಲಿದ್ದ ಆ ಚೀಟಿ ತೋರಿಸಿದ, ದಿನಾಂಕ ಓದಿದ, “ಇಂದಿನಿಂದ” ಎಂದ. ತಲೆಗಳು ಅಲ್ಲಾಡಿದವು. ಹಿಂದಿನ ಬೆಂಚಿನಲ್ಲಿ ಚಿನ್ನಯ್ಯ ನೆಲ ನೋಡುತ್ತ ಕೂತಿದ್ದ.

ಶಶಿಪ್ರಭಾ ಎದ್ದಳು. “ಸ್ವಾಮಿ, ಇದು ಇಂದಿನಿಂದ ಅಲ್ಲ, ಇತ್ತು. ನನ್ನ ಮಾತು ನಂಬುವುದು ಬೇಡ, ಲೆಕ್ಕ ನೋಡುವ. ನಾನು ಇವತ್ತಿನಿಂದ ಹಿಂದಕ್ಕೆ ಹೋಗ್ತೇನೆ. ಕೂಡಿಸುವ ಕೆಲಸ ಕೇಶವಪ್ರಸಾದರೇ ಮಾಡಲಿ, ಅವರು ಬಿ.ಕಾಂ.”

ಹಾಲಿನಲ್ಲಿ ನಗು ಎದ್ದಿತು. ಕೇಶವಪ್ರಸಾದನೂ ನಕ್ಕ, ಆದರೆ ಸುಮ್ಮನಾಗಲಿಲ್ಲ. “ತಂತಿಯಿಂದ ಚೀಟಿ ತೆಗೀಲಿಕ್ಕೆ, ಹಾಕ್ಲಿಕ್ಕೆ ಯಾರಿಗೂ ಆಗ್ತದೆ. ಈಗ ನಾನೇ ಒಂದನ್ನು ತೆಗೆದ್ರೆ ಇವರಿಗೆ ಗೊತ್ತಾಗ್ತದಾ?”

“ತೆಗೀರಿ,” ಎಂದಳು ಶಶಿಪ್ರಭಾ. ಗೋಡೆಯ ಕಡೆ ತಿರುಗಿ ನಿಂತಳು. ಹಿಂದೆ ರಟ್ಟು ಹರಿಯುವ ಸಣ್ಣ ಸದ್ದು ಕೇಳಿಸಿತು.

ಆಮೇಲೆ ಇಳಿಯುವುದು ಶುರುವಾಯಿತು. ತುದಿಯ ಚೀಟಿ ತೆಗೆಯುವಳು, ಹಲಗೆಯಲ್ಲಿ ಈಗಿರುವುದನ್ನು ಬೇರೊಂದು ಚೀಟಿಯಲ್ಲಿ ಬರೆದುಕೊಳ್ಳುವಳು, ಒರೆಸುವಳು, ಹಳೆಯದನ್ನು ಬರೆಯುವಳು. ಹಿಂತಿರುಗಿ ಬರಲೂ ದಾರಿ ಬೇಕಲ್ಲ. ಕೇಶವಪ್ರಸಾದ ಮೊತ್ತ ಹೇಳುವನು, ಅಧ್ಯಕ್ಷರು ಚೀಟಿಯ ಸಂಖ್ಯೆ ಓದುವರು. ೮೩ ಮುಗಿಯಿತು, ೮೨ ಮುಗಿಯಿತು. ಪ್ರತಿ ಸಲವೂ ಎರಡೂ ಒಂದೇ. ನಗುತ್ತಿದ್ದವರು ಬೆಂಚು ಎಳೆದುಕೊಂಡು ಹತ್ತಿರ ಬಂದರು. “ಅಯ್ಯೋ, ಇದು ನಮ್ಮ ಹಳೇ ಲೇಲ್ಯಾಂಡ್ ಬಸ್ಸಿನ ಟೈಮು ಮಾರಾಯ!” ಎಂದು ಒಬ್ಬರು ಕೂಗಿದರು. ಸತ್ತ ಬಸ್ಸುಗಳು ಹಲಗೆಯ ಮೇಲೆ ಎದ್ದು ಕೂರುತ್ತಿದ್ದವು.

೧೯೭೯ರಲ್ಲಿ ಒಂದು ಕಡೆ ಕೇಶವಪ್ರಸಾದ “ಸಾವಿರದ ನೂರ ನಲವತ್ತಾರು” ಎಂದ. ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡರು. “ಚೀಟಿಯಲ್ಲಿ ಸಾವಿರದ ನೂರ ಅರವತ್ತೊಂದು ಉಂಟು.”

ಶಶಿಪ್ರಭಾ ಸೀಮೆಸುಣ್ಣ ಕೆಳಗಿಟ್ಟಳು.

“ಹದಿನೈದು ನಿಮಿಷ ಯಾರ ಕೈಯಲ್ಲೋ ಉಂಟು,” ಎಂದಳು. “ಈ ಚೀಟಿಗೂ ಇದರ ಮೇಲಿನದ್ದಕ್ಕೂ ನಡುವೆ ಒಂದು ಇಲ್ಲ. ಅದರಲ್ಲಿ ಯಾವುದೋ ಒಂದು ಬಸ್ಸು, ಈಗ ಹಲಗೆಯಲ್ಲಿರುವುದಕ್ಕಿಂತ ಹದಿನೈದು ನಿಮಿಷ ಹೆಚ್ಚಿಗೆ ಇತ್ತು.”

ಕೇಶವಪ್ರಸಾದ ಅವಳನ್ನೇ ನೋಡಿದ. ನಿಧಾನವಾಗಿ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದ. ಓದುವಾಗ ಅವನ ಧ್ವನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ. “ಬಂಟ್ವಾಳ, ನಾಲ್ಕು ಮೂವತ್ತೈದು.”

ಹಲಗೆಯ ಮೇಲೆ ಬಂಟ್ವಾಳ 4-20 ಇತ್ತು. ಇಪ್ಪತ್ತಕ್ಕೆ ಹದಿನೈದು ಸೇರಿಸಲು ಬಿ.ಕಾಂ. ಬೇಕಿರಲಿಲ್ಲ. ತುಕ್ರಪ್ಪ ಬೈರಾಸನ್ನು ಮೇಲಕ್ಕೆ ಎಸೆದು “ಧಣಿಗಳ ಮಂತ್ರ!” ಎಂದು ಕೂಗಿದ. ಆಮೇಲೆ ಚಪ್ಪಾಳೆ ನಿಲ್ಲಿಸಲು ಅಧ್ಯಕ್ಷರು ಮೇಜು ಗುದ್ದಬೇಕಾಯಿತು.

ಅಲ್ಲಿಂದ ಮುಂದೆ ಯಾರೂ ಸಂಶಯಪಡಲಿಲ್ಲ. ಒಟ್ಟು ತೊಂಬತ್ತನಾಲ್ಕು ಚೀಟಿ ಇಳಿದು ಅವಳು ೧೯೭೫ರ ಜುಲೈ ಹತ್ತಕ್ಕೆ ಬಂದು ನಿಂತಳು. ಎಂಟು ವರ್ಷ ಹಿಂದಕ್ಕೆ ನಡೆದರೂ ಒಂದು ಸಾಲನ್ನು ಅವಳು ಒಮ್ಮೆಯೂ ಒರೆಸಬೇಕಾಗಿ ಬಂದಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಅದನ್ನೇ: ‘ಚಂದ್ರೋದಯ, 7-40.’ ಆ ದಿನದ ಚೀಟಿಗಳು ಎರಡು. ಮೇಲಿನದು: ‘ಚಂದ್ರೋದಯ, 8-25. ಇ.’ ಅದನ್ನು ಹಲಗೆಗೆ ಹಾಕಿದಳು, ಏಳು ನಲವತ್ತು ಖಾಲಿಯಾಯಿತು. ಕೆಳಗಿನದನ್ನು ಓದದೆ ಅಧ್ಯಕ್ಷರ ಕೈಗೆ ಕೊಟ್ಟಳು. ಅಧ್ಯಕ್ಷರು ಅದನ್ನು ಕೇಶವಪ್ರಸಾದನ ಮುಂದೆ ಇಟ್ಟರು.

“ನೀವೇ ಓದಿ.”

ಅವನು ಓದಿದ. “ರಾಜರತ್ನ, ಬೆಳ್ತಂಗಡಿ, ಏಳು ನಲವತ್ತು.” ಎದ್ದು ಹಲಗೆಯಲ್ಲಿ ರಾಜರತ್ನದ 7-05 ಒರೆಸಿ 7-40 ಬರೆದ. ಮೊತ್ತವನ್ನು ತಾನೇ ಕೂಡಿಸಿ ನೋಡಿದ, ಸಾವಿರದ ತೊಂಬತ್ತಮೂರು. “ಇತ್ತು,” ಎಂದ. “ನಮ್ಮವರು ಮೊದಲು ಬಿಟ್ಟಿದ್ದಾರೆ, ಆಮೇಲೆ ಚಂದ್ರೋದಯ ಬಂದಿದೆ. ಪದ್ಮರಾಜರು ಬರೆದದ್ದು ಸರಿ. ಆ ಚಹಾದ ಮಾತನ್ನು ನಾನು ಹಿಂದಕ್ಕೆ ತಕ್ಕೊಳ್ತೇನೆ.”

“ಹಿಂದಕ್ಕೆ ತಕ್ಕೊಳ್ಳುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ,” ಎಂದಳು ಶಶಿಪ್ರಭಾ. ಹೇಳಿದೆನಲ್ಲ, ಬಾಯಿ ಜೋರು. ಹೇಮಚಂದ್ರರು ಅವತ್ತು ಮೊದಲ ಬಾರಿ ನಕ್ಕರು. ಚಿನ್ನಯ್ಯ ನಗಲಿಲ್ಲ. ಅವನು ಎದ್ದು ಬಂದು ಹಲಗೆಯ ಮುಂದೆ ಕೈಮುಗಿದು ನಿಂತು ಮಗುವಿನ ಹಾಗೆ ಅತ್ತ.

ಸಭೆ ಮುಗಿಯುವಾಗ ಒಕ್ಕೂಟ ಇನ್ನೂ ಒಂದು ತೀರ್ಮಾನ ಮಾಡಿತು. ಬೇರೆ ಜನ ಹುಡುಕುವುದು ಬೇಡ, ಇನ್ನು ಮುಂದೆ ಮೂಡುಬಿದಿರೆಯ ಟೈಮ್ ಕೀಪರ್ ಶಶಿಪ್ರಭಾ.

ಅವಳು ಬರೆದುಕೊಂಡಿದ್ದ ಚೀಟಿಗಳ ದಾರಿಯಲ್ಲೇ ಹಲಗೆಯನ್ನು ಮತ್ತೆ ಇವತ್ತಿಗೆ ತಂದಳು. ಮೊತ್ತ 1202, ಬಂಟ್ವಾಳದ ಹೊಸ ಹತ್ತು ನಿಮಿಷ ಸೇರಿ. ತುಕ್ರಪ್ಪ ಅದನ್ನು ಮರುದಿನ ಬೆಳಗ್ಗೆ ನೇರ ಬಸ್‌ಸ್ಟ್ಯಾಂಡಿಗೆ ಒಯ್ಯದೆ ಪದ್ಮರಾಜರ ಮನೆಯ ಜಗಲಿಗೆ ಹೊತ್ತು ತಂದ. ಹಾಗೆ ಮಾಡಲು ಶಶಿಪ್ರಭಾಳೇ ಹೇಳಿದ್ದಳು. ಒಂದು ಸಾಲು ಬದಲಾಗಬೇಕಿತ್ತು.

ಒದ್ದೆ ಬಟ್ಟೆ ಹಿಡಿದುಕೊಂಡು ಅವಳು ಹಲಗೆಯ ಕೆಳಗಿನ ಅಂಚು ನೋಡಿದಳು. ಕೈ ಬರಲಿಲ್ಲ. ಪದ್ಮರಾಜರು ಕುರ್ಚಿಯಿಂದ ಎಡಗೈ ಚಾಚಿ ಪೆನ್ಸಿಲು ಕೇಳಿದರು. ಅವಳು ರಟ್ಟಿನ ಚೀಟಿಯ ಮೇಲೆ ‘ಟೈಮ್ ಕೀಪರ್: ಪದ್ಮರಾಜ’ ಎಂದು ಬರೆದು ಅವರ ತೊಡೆಯ ಮೇಲಿಟ್ಟಳು. ಅವರು ಹೆಸರಿನ ಮುಂದೆ ಎಡಗೈಯಲ್ಲಿ, ಸೊಟ್ಟಗೆ, ಬಹಳ ಹೊತ್ತು ತೆಗೆದುಕೊಂಡು ಒಂದು ‘ಇ’ ಬರೆದರು. ಚುಕ್ಕೆಯನ್ನೂ ಮರೆಯಲಿಲ್ಲ. ಆಮೇಲೆ ಮಗಳ ಮುಖ ನೋಡಿ, ಫೆಬ್ರವರಿಯಿಂದ ಆಗದೆ ಇದ್ದದ್ದನ್ನು ಪೂರ್ತಿ ಹೇಳಿದರು. “ಇ...ತ್ತು.” ಮುಖದ ಎಡಭಾಗ ಪೂರ್ತಿ ನಗುತ್ತಿತ್ತು.

ಶಶಿಪ್ರಭಾ ಚೀಟಿಯನ್ನು ತಂತಿಗೆ ಪೋಣಿಸಿದಳು. ಹಳೆಯ ಸಾಲು ಒರೆಸಿ ತನ್ನ ಹೆಸರು ಬರೆದಳು. ನಿಯಮದಂತೆ ಮೇಲಿನಿಂದ ಕೆಳಗೆ ಬೆರಳಾಡಿಸಿ ನಲವತ್ತಮೂರು ಸಾಲು ಮತ್ತೊಮ್ಮೆ ಕೂಡಿಸಿದಳು. ಮೊತ್ತ ಬದಲಾಗಿರಲಿಲ್ಲ.